ಗ್ಯಾಸ್ ಗೀಜರ್ ಹೊತ್ತುತ್ತಿಲ್ಲವೇ? ಬೋರ್ಡ್ ಬದಲಿಸುವ ಮೊದಲು ಸಪ್ಪಳ ಕೇಳಿ

ಪ್ರಶ್ನೆ: ನಮ್ಮ ಮನಿ ವಿಜಯಪುರದಾಗ ಐತಿ. ಮಹಡಿ ಮ್ಯಾಲಿನ ಬಚ್ಚಲದಾಗ ಆರು ಲೀಟರಿನ ಗ್ಯಾಸ್ ಗೀಜರ್ ಕೂಡ್ರಿಸಿ ಐದು ವರ್ಷ ಆತು. ನೀರು ಬೋರಿಂದು. ಬ್ಯಾಸಗಿ ತುಂಬ ಬಂದ್ ಇಟ್ಟಿದ್ವಿ. ಈಗ ಥಂಡಿ ಸುರು ಆದ ಮ್ಯಾಲ ನಳ ತಿರುವಿದ್ರ ಒಮ್ಮೊಮ್ಮೆ ಟಕ್ ಟಕ್ ಅಂತ ಸಪ್ಪಳ ಬಂದು ನಿಂದರತೈತಿ, ಒಮ್ಮೊಮ್ಮೆ ಸಪ್ಪಳಾನೂ ಇಲ್ಲ. ಮುಂಜಾನೆ ಹೊತ್ತಿದ್ದು ಮಧ್ಯಾಹ್ನ ಹೊತ್ತಂಗಿಲ್ಲ. ಮೊನ್ನೆ ಹೊತ್ತುವಾಗ ಧಡ್ ಅಂತ ದೊಡ್ಡ ಸಪ್ಪಳ ಆತು. ಸೆಲ್ ಬದಲಿ ಮಾಡೀನಿ. ರಿಪೇರಿಯವರು ಬೋರ್ಡ್ ಹೋಗೇತಿ, ಅದಕ್ಕಿಂತ ಹೊಸಾದು ತಗೋರಿ ಅಂತಾರ. ಏನು ಮಾಡೂಣು?
– ಓದುಗರು, ವಿಜಯಪುರ

ಉತ್ತರ: ನೀವು ಬರೆದ ಲಕ್ಷಣಗಳಲ್ಲಿ ಹೆಚ್ಚಿನವು ನೀರಿನ ಕಡೆಯವು, ಒಂದು ಬರ್ನರಿನ ಕಡೆಯದು. ಬೋರ್ಡ್, ಅಂದರೆ ಕಿಡಿ ಹೊಡೆಸುವ ಸಣ್ಣ ಸರ್ಕ್ಯೂಟ್, ಹೋಗಿದೆ ಎನ್ನಲು ಇಷ್ಟರಲ್ಲಿ ಆಧಾರ ಸಿಗುವುದಿಲ್ಲ. ಬೋರ್ಡ್ ಕೆಟ್ಟರೆ ಸಾಮಾನ್ಯವಾಗಿ ಮುಂಜಾನೆಯೂ ಕೆಟ್ಟಿರುತ್ತದೆ, ಮಧ್ಯಾಹ್ನವೂ ಕೆಟ್ಟಿರುತ್ತದೆ. ಟಾಕಿ ತುಂಬಿದ್ದಾಗ ಹೊತ್ತಿ, ಅರ್ಧ ಖಾಲಿಯಾದಾಗ ಹೊತ್ತದ ಗೀಜರಿನಲ್ಲಿ ಮೊದಲು ನೋಡಬೇಕಾದದ್ದು ನೀರಿನ ಒತ್ತಡ. ಹಾಗಾಗಿ ಹೊಸ ಗೀಜರಿನ ಮಾತು ಸದ್ಯಕ್ಕೆ ಬದಿಗಿರಲಿ.

ಆದರೆ ಎರಡು ಸಂಗತಿ ತಡಮಾಡುವಂಥವಲ್ಲ. ಧಡ್ ಎಂದ ಗೀಜರನ್ನು ಕಾರಣ ಗೊತ್ತಾಗುವವರೆಗೆ ಮತ್ತೆ ಹೊತ್ತಿಸಬೇಡಿ. ರೆಗ್ಯುಲೇಟರ್ ಬಂದ್ ಮಾಡಿಡಿ. ಇನ್ನೊಂದು, ಗೀಜರ್ ಬಚ್ಚಲಲ್ಲೇ ಇದೆ ಎಂದಿದ್ದೀರಿ. ಅದು ಇರಬೇಕಾದ ಜಾಗ ಅದಲ್ಲ. ಯಾಕೆಂದು ಮುಂದೆ ವಿವರವಾಗಿ ಹೇಳಿದೆ. ರಿಪೇರಿ ಆದ ಮೇಲೂ ಅದನ್ನು ಹೊರಗೆ ಸರಿಸುವವರೆಗೆ ಬಾಗಿಲು ಹಾಕಿಕೊಂಡು ಒಳಗೆ ಗೀಜರ್ ಉರಿಸಿ ಸ್ನಾನ ಮಾಡಬೇಡಿ. ಬಕೇಟಿಗೆ ನೀರು ತುಂಬಿಕೊಂಡು, ಗೀಜರ್ ಆರಿಸಿ, ಬಾಗಿಲು ತೆರೆದು ಗಾಳಿ ಆಡಿದ ಮೇಲೆ ಒಳಗೆ ಹೋಗಿ.

ಈಗ ಗೀಜರ್ ಹೊತ್ತುವ ಬಗೆ. ಇದು ಗೊತ್ತಿದ್ದರೆ ತಪ್ಪು ಎಲ್ಲಿದೆ ಎಂಬುದು ಅರ್ಧಕ್ಕೂ ಹೆಚ್ಚು ಸಪ್ಪಳದಲ್ಲೇ ತಿಳಿಯುತ್ತದೆ. ನಳ ತಿರುವಿದಾಗ ತಣ್ಣೀರು ಗೀಜರಿನ ತಳದಲ್ಲಿರುವ ವಾಟರ್ ವಾಲ್ವಿಗೆ ಬರುತ್ತದೆ. ಅದರೊಳಗೆ ಅಂಗೈ ಅಗಲಕ್ಕಿಂತ ಚಿಕ್ಕದಾದ ಒಂದು ರಬ್ಬರ್ ಪೊರೆ ಇದೆ. ಇದಕ್ಕೆ ಡಯಾಫ್ರಾಮ್ ಅನ್ನುತ್ತಾರೆ. ನೀರು ಸಾಕಷ್ಟು ವೇಗವಾಗಿ ಹರಿದರೆ ಪೊರೆಯ ಒಂದು ಬದಿಯಲ್ಲಿ ಒತ್ತಡ ಕಡಿಮೆಯಾಗಿ, ಪೊರೆ ಆ ಕಡೆ ಬಾಗಿ, ನಡುವಿನ ಸಣ್ಣ ಪಿನ್ನನ್ನು ತಳ್ಳುತ್ತದೆ. ಆ ಪಿನ್ನು ಎರಡು ಕೆಲಸ ಮಾಡುತ್ತದೆ: ಗ್ಯಾಸ್ ವಾಲ್ವನ್ನು ತೆರೆಯುತ್ತದೆ, ಬದಿಯಲ್ಲಿರುವ ಮೈಕ್ರೊ ಸ್ವಿಚ್ಚಿನ ಎಸಳನ್ನು ಸರಿಸುತ್ತದೆ. ಸ್ವಿಚ್ ಸರಿದ ಕೂಡಲೇ ಬೋರ್ಡಿಗೆ ಸೆಲ್ಲಿನ 3 ವೋಲ್ಟ್ ಸಿಗುತ್ತದೆ. ಬೋರ್ಡ್ ಒಂದು ಕಡೆ ಕಿಡಿ ಹೊಡೆಯುತ್ತದೆ, ಇನ್ನೊಂದು ಕಡೆ ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವನ್ನು ಎಳೆದು ಗ್ಯಾಸಿಗೆ ಎರಡನೆಯ ಬಾಗಿಲು ತೆರೆಯುತ್ತದೆ. ಬೆಂಕಿ ಹೊತ್ತಿತೋ ಇಲ್ಲವೋ ಎಂದು ನೋಡಲು ಜ್ವಾಲೆಯೊಳಗೆ ನಿಂತ ಒಂದು ಕಡ್ಡಿ ಇದೆ. ಅದಕ್ಕೆ ಜ್ವಾಲೆ ತಾಕದಿದ್ದರೆ ಬೋರ್ಡ್ ಕೆಲವೇ ಸೆಕೆಂಡಿನಲ್ಲಿ ಕಿಡಿಯನ್ನೂ ಗ್ಯಾಸನ್ನೂ ನಿಲ್ಲಿಸುತ್ತದೆ. ಮತ್ತೆ ಯತ್ನಿಸಬೇಕಾದರೆ ನಳ ಪೂರ್ತಿ ಬಂದ್ ಮಾಡಿ ತಿರುವಬೇಕು.

ನೀರು, ಪೊರೆ, ಪಿನ್ನು, ಸ್ವಿಚ್ಚು, ಬೋರ್ಡು, ಕಿಡಿ, ಗ್ಯಾಸು, ಜ್ವಾಲೆ ನೋಡುವ ಕಡ್ಡಿ. ತಪ್ಪು ಹುಡುಕುವುದೂ ಇದೇ ಸಾಲಿನಲ್ಲಿ. ನಳ ತಿರುವಿದಾಗ ಏನೂ ಸಪ್ಪಳವಿಲ್ಲದಿದ್ದರೆ ತಪ್ಪು ಕಿಡಿಗಿಂತ ಮೊದಲು, ಅಂದರೆ ನೀರು, ಸ್ವಿಚ್ಚು ಅಥವಾ ಸೆಲ್ಲಿನಲ್ಲಿ. ಟಕ್ ಟಕ್ ಬಂದು ಬೆಂಕಿ ಬರದಿದ್ದರೆ ಗ್ಯಾಸ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರ್ನರಿಗೆ ತಲುಪುತ್ತಿಲ್ಲ. ಹೊತ್ತಿ ಆರಿದರೆ ಜ್ವಾಲೆ ನೋಡುವ ಕಡ್ಡಿಯ ಕಡೆ, ಬಿಸಿ ಮೀರಿದ ಕಡೆ, ಅಥವಾ ನೀರೇ ಕಡಿಮೆಯಾದ ಕಡೆ ನೋಡಬೇಕು. ನಿಮ್ಮದರಲ್ಲಿ ಮೊದಲ ಎರಡೂ ಕಲೆತಿವೆ.

ನೀರಿನಿಂದ ಶುರು ಮಾಡೋಣ. ಇಂಥ ಗೀಜರಿನ ಬದಿಯ ಚೀಟಿಯಲ್ಲಿ ಕನಿಷ್ಠ ನೀರಿನ ಒತ್ತಡ ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಅದು 0.02 ಅಥವಾ 0.025 ಮೆಗಾಪಾಸ್ಕಲ್. ಮನೆ ಲೆಕ್ಕದಲ್ಲಿ ಹೇಳುವುದಾದರೆ, ಟಾಕಿಯ ನೀರಿನ ಮಟ್ಟ ಗೀಜರಿಗಿಂತ 2ರಿಂದ 2.5 ಮೀಟರ್ ಮೇಲಿರಬೇಕು. ಕೆಳಮನೆಯ ಬಚ್ಚಲಿಗೆ ಇದು ಕಷ್ಟವಲ್ಲ. ಆದರೆ ನಿಮ್ಮದು ಮಹಡಿ. ಬಚ್ಚಲ ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿ ಮಾಳಿಗೆ, ಗೀಜರ್ ಕೂತಿರುವುದು ಒಂದೂವರೆ ಮೀಟರ್ ಎತ್ತರದಲ್ಲಿ. ಟಾಕಿ ಮಾಳಿಗೆಯ ಮೇಲೆ ನಾಲ್ಕು ಇಟ್ಟಂಗಿ ಇಟ್ಟು ಕೂಡ್ರಿಸಿದ್ದಾದರೆ ಅದರ ತಳ ಗೀಜರಿಗಿಂತ ಹೆಚ್ಚೆಂದರೆ 2 ಮೀಟರ್ ಮೇಲಿದೆ. ಟಾಕಿ ತುಂಬಿದಾಗ ಒಳಗಿನ ನೀರಿನ ಎತ್ತರವೂ ಸೇರಿ ಗೀಜರ್ ಹೊತ್ತುತ್ತದೆ. ಮನೆಮಂದಿ ನೀರು ಬಳಸಿ ಮಟ್ಟ ಇಳಿದ ಮೇಲೆ ಹೊತ್ತುವುದಿಲ್ಲ. ನಿಮ್ಮ ಮುಂಜಾನೆ ಮಧ್ಯಾಹ್ನದ ವ್ಯತ್ಯಾಸಕ್ಕೆ ಇದಕ್ಕಿಂತ ಹತ್ತಿರದ ಕಾರಣ ಕಾಣುವುದಿಲ್ಲ.

ಅಳೆದು ನೋಡುವುದು ಸುಲಭ. ಗ್ಯಾಸ್ ಬಂದ್ ಇರಲಿ. ಗೀಜರಿನ ಬಿಸಿನೀರಿನ ನಳವನ್ನು ಪೂರ್ತಿ ತಿರುವಿ 10 ಲೀಟರಿನ ಬಕೇಟು ಹಿಡಿಯಿರಿ, ಮೊಬೈಲಿನಲ್ಲಿ ಸಮಯ ನೋಡಿ. ಎರಡು ನಿಮಿಷದೊಳಗೆ ತುಂಬಿದರೆ ನೀರಿಗೆ ತೊಂದರೆಯಿಲ್ಲ. ನಾಲ್ಕು ನಿಮಿಷ ಹಿಡಿದರೆ ನಿಮಿಷಕ್ಕೆ ಎರಡೂವರೆ ಲೀಟರ್ ಅಂದಹಾಗಾಯಿತು, ಹೆಚ್ಚಿನ ಗೀಜರುಗಳು ಹೊತ್ತಲು ತಕರಾರು ಮಾಡುವುದು ಇಲ್ಲಿಂದಲೇ. ಇದನ್ನು ಟಾಕಿ ತುಂಬಿದಾಗ ಒಮ್ಮೆ, ಅರ್ಧವಾದಾಗ ಒಮ್ಮೆ ಮಾಡಿ. ಹ್ಯಾಂಡ್ ಶವರ್ ಹಾಕಿದ್ದರೆ ಅದರ ತಲೆ ಬಿಚ್ಚಿ ಮತ್ತೊಮ್ಮೆ ಅಳೆಯಿರಿ. ಬೋರ್ ನೀರಿನ ಮನೆಗಳಲ್ಲಿ ಶವರಿನ ತೂತುಗಳು ಸುಣ್ಣ ಕಟ್ಟಿ ಮುಚ್ಚಿರುತ್ತವೆ. ಶವರ್ ಬಿಚ್ಚಿದ ಕೂಡಲೇ ಹರಿವು ಏರಿದರೆ ಗೀಜರಿನ ತಂಟೆಗೇ ಹೋಗಬೇಕಾಗಿಲ್ಲ.

ಹರಿವು ಕಡಿಮೆ ಬಂದರೆ ಮೊದಲ ಸಂಶಯ ಒಳಬರುವ ನೀರಿನ ಜಾಳಿಗೆಯ ಮೇಲೆ. ಗೀಜರಿಗೆ ತಣ್ಣೀರು ಸೇರುವ ಅರ್ಧ ಇಂಚಿನ ನಟ್ಟಿನೊಳಗೆ ಬೆರಳ ತುದಿಯಷ್ಟು ಸಣ್ಣ ಜಾಳಿಗೆ ಇದೆ. ಕೆಳಗಿನ ಕಾಕ್ ಬಂದ್ ಮಾಡಿ, ಪಾನಾ ಹಾಕಿ ಪೈಪಿನ ನಟ್ಟು ಬಿಚ್ಚಿ, ಮೂತಿ ಚೂಪಾದ ಪಕ್ಕಡಿನಿಂದ ಜಾಳಿಗೆ ಎಳೆದು ತೆಗೆಯಿರಿ. ಅದರ ಮೇಲೆ ಮರಳು, ಪೈಪಿನ ಪುಡಿ, ಕೆಂಪು ಕೆಸರು, ಬೋರಿನ ಬಿಳಿ ಹಳಕು ಕೂತಿರುತ್ತದೆ. ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ಸುಣ್ಣ ಅಂಟಿಕೊಂಡಿದ್ದರೆ ಅರ್ಧ ತಾಸು ವಿನೆಗರಿನಲ್ಲಿ ನೆನೆಸಿ. ಜಾಳಿಗೆ ಹಾಳಾಗಿದೆ ಎಂದು ತೆಗೆದೊಗೆದು ಹಾಗೇ ಜೋಡಿಸುವವರಿದ್ದಾರೆ. ಆಗ ಮರಳು ನೇರವಾಗಿ ಪೊರೆಯ ಕೋಣೆಗೆ ಹೋಗಿ ಪಿನ್ನು ಕಚ್ಚಿಕೊಳ್ಳುತ್ತದೆ. ಜಾಳಿಗೆಯೂ ರಬ್ಬರ್ ವಾಯ್ಸರೂ ಇದ್ದ ಜಾಗದಲ್ಲೇ ಕೂಡಬೇಕು.

ಜಾಳಿಗೆ ಶುದ್ಧವಿದ್ದು, ಒಳಬರುವ ಪೈಪನ್ನು ಬಿಚ್ಚಿ ಹಿಡಿದಾಗ ನೀರು ಭರ್ಜರಿಯಾಗಿ ಬರುತ್ತದೆ, ಗೀಜರ್ ದಾಟಿದ ಮೇಲೆ ಸಣ್ಣಗಾಗುತ್ತದೆ ಎಂದಾದರೆ ಒಳಗಿನ ತಾಮ್ರದ ಸುರುಳಿಯಲ್ಲಿ ಸುಣ್ಣ ಕಟ್ಟಿದೆ. ಬೆಳಗಾವಿಯಲ್ಲಿ ರಾಕಸಕೊಪ್ಪ ಜಲಾಶಯದ ನೀರು ಬಳಸುವ ಮನೆಗಳಿಗೆ ಈ ಕಾಟ ಕಡಿಮೆ. ವಿಜಯಪುರದಲ್ಲೂ ಕೃಷ್ಣೆಯ ನೀರು ಬರುವ ಮನೆಗೂ ಬರೀ ಬೋರ್ ನೀರಿನ ಮನೆಗೂ ವ್ಯತ್ಯಾಸವಿದೆ. ಸವಳು ನೀರಿನಲ್ಲಿ ಐದು ವರ್ಷ ನಡೆದ ಸುರುಳಿ ಕಟ್ಟಿಕೊಳ್ಳದಿದ್ದರೇ ಆಶ್ಚರ್ಯ. ಉರಿಯುವಾಗ ಒಳಗೆ ನೀರು ಚಿಟಪಟ ಅನ್ನುವುದು ಇದರ ಇನ್ನೊಂದು ಗುರುತು. ಶುದ್ಧ ಮಾಡಲು 1 ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕಲಸಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಇದೇ ಸಿಗುತ್ತದೆ. ಗೀಜರ್ ಆರಿ ಪೂರ್ತಿ ತಣ್ಣಗಾದ ಮೇಲೆ ಎರಡೂ ಕಡೆಯ ನೀರಿನ ಪೈಪು ಬಿಚ್ಚಿ, ತಣ್ಣೀರು ಸೇರುವ ಬಾಯಿಗೆ ಬೂಚು ಹಾಕಿ, ಬಿಸಿನೀರು ಬರುವ ಬಾಯಿಗೆ ಪೈಪಿನ ತುಂಡು ಸಿಕ್ಕಿಸಿ ಗೀಜರಿಗಿಂತ ಮೇಲಕ್ಕೆತ್ತಿ, ಲಾಳಿಕೆ ಇಟ್ಟು ತುಂಬಿ, ಮುಕ್ಕಾಲು ತಾಸು ಬಿಡಿ. ಆಮೇಲೆ ಬಿಟ್ಟು, ನೀರು ತಿಳಿಯಾಗುವವರೆಗೆ ಹರಿಸಿ. ದಪ್ಪ ಕಟ್ಟಿದ್ದರೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಪಾಯಖಾನೆ ತೊಳೆಯುವ ಆಸಿಡ್ ಮಾತ್ರ ಬೇಡ. ಸುಣ್ಣದ ಜೊತೆ ತಾಮ್ರವನ್ನೂ ಬೆಸುಗೆಯನ್ನೂ ತಿಂದು, ಸುರುಳಿ ಸೋರಲು ಶುರುವಾಗುತ್ತದೆ.

ಎಲ್ಲ ಸರಿಯಿದ್ದೂ ಟಾಕಿಯ ಎತ್ತರವೇ ಸಾಲದಿದ್ದರೆ ದಾರಿ ಮೂರು. ಟಾಕಿಗೆ ಒಂದರಿಂದ ಒಂದೂವರೆ ಮೀಟರ್ ಎತ್ತರದ ಕಬ್ಬಿಣದ ಅಥವಾ ಇಟ್ಟಂಗಿ ಕಟ್ಟೆ ಮಾಡಿಸುವುದು. ಟಾಕಿಯಿಂದ ಗೀಜರಿನವರೆಗೆ ಅರ್ಧ ಇಂಚಿನ ಪೈಪಿದ್ದರೆ ಮುಕ್ಕಾಲು ಇಂಚಿನದು ಹಾಕಿ, ಮೂಲೆ ತಿರುವುಗಳನ್ನು ಕಡಿಮೆ ಮಾಡುವುದು. ಇಲ್ಲವೇ ಸಣ್ಣ ಪ್ರೆಶರ್ ಪಂಪ್ ಕೂಡ್ರಿಸುವುದು. ಮೊದಲಿನದು ಒಮ್ಮೆ ಖರ್ಚು ಮಾಡಿದರೆ ಮುಗಿಯಿತು, ಕರೆಂಟಿನ ಹಂಗೂ ಇಲ್ಲ. ಜಾಗವಿದ್ದರೆ ಅದೇ ಒಳ್ಳೆಯದು.

ಹರಿವು ಚೆನ್ನಾಗಿದೆ, ಆದರೂ ಸಪ್ಪಳವಿಲ್ಲ ಎಂದಾದರೆ ಆಗ ಬೋರ್ಡಿನ ಮೇಲಿನ ಆರೋಪ ನಿಜವೋ ಸುಳ್ಳೋ ಎಂದು ತಿಳಿಯುವ ಪರೀಕ್ಷೆ ಇದೆ. ರೆಗ್ಯುಲೇಟರ್ ಬಂದ್ ಮಾಡಿ. ಕಿಟಕಿ ತೆರೆದಿಡಿ, ಗ್ಯಾಸ್ ವಾಸನೆ ಒಂದಿಷ್ಟೂ ಇರಬಾರದು. ಮುಂದಿನ ನಾಬುಗಳನ್ನು ಎಳೆದು, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ವಾಟರ್ ವಾಲ್ವು ಗ್ಯಾಸ್ ವಾಲ್ವಿಗೆ ಸೇರುವ ಜಾಗದಲ್ಲಿ ಕಪ್ಪು ಬಣ್ಣದ, ಬೆರಳುಗುರಿನಗಲದ ಸ್ವಿಚ್ಚು ಕಾಣುತ್ತದೆ. ಅದಕ್ಕೆ ತಗಡಿನ ಸಣ್ಣ ಎಸಳು, ಎರಡು ವಾಯರು. ಐಸ್‌ಕ್ರೀಮ್ ಕಡ್ಡಿಯಂಥ ಒಣ ಕಟ್ಟಿಗೆಯಿಂದ ಆ ಎಸಳನ್ನು ಸರಿಸಿ ನೋಡಿ. ಕೆಲವು ಮಾದರಿಗಳಲ್ಲಿ ಒತ್ತಿದಾಗ ಕಿಡಿ, ಕೆಲವುಗಳಲ್ಲಿ ಒತ್ತಿದ್ದು ಬಿಟ್ಟಾಗ ಕಿಡಿ. ಟಕ್ ಟಕ್ ಬಂತೆಂದರೆ ಸೆಲ್ಲು, ಸ್ವಿಚ್ಚು, ಬೋರ್ಡು ಮೂರೂ ಜೀವಂತ. ತಪ್ಪು ಪೊರೆ ಮತ್ತು ಪಿನ್ನಿನಲ್ಲಿ. ಈ ಹೊತ್ತಿನಲ್ಲಿ ಕಿಡಿ ಕಡ್ಡಿಗೆ ಹೋಗುವ ದಪ್ಪ ವಾಯರನ್ನು ಮುಟ್ಟಬೇಡಿ. ಸೆಲ್ಲು 3 ವೋಲ್ಟಿನದಾದರೂ ಬೋರ್ಡು ಅದನ್ನು ಸಾವಿರಾರು ವೋಲ್ಟಿಗೆ ಏರಿಸಿರುತ್ತದೆ.

ಬೇಸಿಗೆ ತುಂಬ ಬಂದ್ ಇದ್ದ ಗೀಜರಿನಲ್ಲಿ ಪೊರೆ ಒಣಗಿ ಬಿರುಸಾಗುವುದು, ಪಿನ್ನಿನ ಸುತ್ತ ಸುಣ್ಣ ಗಟ್ಟಿಯಾಗಿ ಅದು ಜಾರದಿರುವುದು ಬಹಳ ಸಾಮಾನ್ಯ. ಪೊರೆಗೆ ಸೂಜಿಮೊನೆಯಷ್ಟು ತೂತಾದರೂ ಎರಡೂ ಬದಿಯ ಒತ್ತಡ ಸಮವಾಗಿ ಪಿನ್ನು ಏಳುವುದಿಲ್ಲ. ವಾಟರ್ ವಾಲ್ವಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದರೆ ಪೊರೆ ಸಿಗುತ್ತದೆ. ಬೆಳಕಿಗೆ ಹಿಡಿದು ಎಳೆದು ನೋಡಿ. ಬಿರುಕು, ತೂತು, ಅಂಚಿನಲ್ಲಿ ಮಡಿಕೆ ಇದ್ದರೆ ಬದಲಿಸಿ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ, ವ್ಯಾಸ ಒಂದೇ ಇದ್ದು ನಡುವಿನ ತಟ್ಟೆ ಬೇರೆಯಾದರೆ ಕೂಡುವುದಿಲ್ಲ. ಪಿನ್ನನ್ನು ವಿನೆಗರಿನಲ್ಲಿ ಒರೆಸಿ, ಅದರ ಸಣ್ಣ ಓ ರಿಂಗ್ ಕೂಡ ಹೊಸದು ಹಾಕಿ, ಸಿಲಿಕೋನ್ ಗ್ರೀಸನ್ನು ಬೆರಳಿಗೆ ತಾಗಿಯೂ ತಾಗದಷ್ಟು ಹಚ್ಚಿ. ವಾಟರ್ ವಾಲ್ವಿಗೂ ಗ್ಯಾಸ್ ವಾಲ್ವಿಗೂ ನಡುವೆ ಇರುವ ಸಂದಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಈ ಓ ರಿಂಗ್ ಸವೆದಿದೆ ಎಂದೇ ತಿಳಿಯಿರಿ. ಹಾಗೇ ಬಿಟ್ಟರೆ ನೀರು ಸ್ವಿಚ್ಚಿಗೆ ಇಳಿದು ಅದನ್ನೂ ಕೆಡಿಸುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದೇ ಬದಿ ಬಿಗಿದರೆ ಪೊರೆ ಸೊಟ್ಟ ಕೂಡುತ್ತದೆ. ಕೈಚಳಕ ಇರುವ ಯಾರೂ ನೀರಿನ ಭಾಗದ ಈ ಕೆಲಸ ಮಾಡಬಹುದು. ಗ್ಯಾಸಿನ ಭಾಗದ ಒಂದು ಸ್ಕ್ರೂವನ್ನೂ ಮುಟ್ಟಬೇಡಿ. ಅದು ಬಲ್ಲ ಮೆಕ್ಯಾನಿಕ್ ಕೈಯ ಕೆಲಸ.

ಎಸಳು ಸರಿಸಿದರೂ ಸಪ್ಪಳವಿಲ್ಲದಿದ್ದರೆ ಸೆಲ್ಲಿಗೆ ಬನ್ನಿ. ಬದಲಿಸಿದ್ದೇನೆ ಎಂದಿದ್ದೀರಿ, ಆದರೆ ಯಾವ ಸೆಲ್ಲು ಎಂಬುದು ಮುಖ್ಯ. ದೊಡ್ಡ ಟಾರ್ಚಿಗೆ ಹಾಕುವ ದಪ್ಪ ಸೆಲ್ಲುಗಳಲ್ಲಿ ಅಗ್ಗದ ಸಾದಾ ಸೆಲ್ಲು ಮೀಟರಿನಲ್ಲಿ 1.5 ವೋಲ್ಟ್ ತೋರಿಸಿದರೂ ಕಿಡಿ ಮತ್ತು ಸೊಲೆನಾಯ್ಡಿನ ಎಳೆತ ಒಟ್ಟಿಗೆ ಬಿದ್ದಾಗ ಕುಸಿಯುತ್ತದೆ. ಅಲ್ಕಲೈನ್ ಸೆಲ್ಲು ಹಾಕಿ, ಎರಡೂ ಹೊಸದಿರಲಿ, ಒಂದು ಹಳೆಯದು ಒಂದು ಹೊಸದು ಬೇಡ. ಕಿಡಿ ಹೊಡೆಯುವಾಗಲೇ ಎರಡರ ಒಟ್ಟು ವೋಲ್ಟೇಜ್ ಅಳೆದು, 2.5ಕ್ಕಿಂತ ಕೆಳಗಿಳಿದರೆ ಅದನ್ನು ನಂಬಬೇಡಿ. ಇನ್ನು ಸೆಲ್ಲಿನ ಡಬ್ಬಿ. ಬೇಸಿಗೆಯಲ್ಲಿ ಸೆಲ್ಲು ಒಳಗೇ ಬಿಟ್ಟಿದ್ದರೆ ಅದು ಒಡೆದು ಸೋರಿ ಸ್ಪ್ರಿಂಗಿಗೆ ಹಸಿರು ಬಿಳಿ ಕಿಲುಬು ಹಿಡಿದಿರುತ್ತದೆ. ಬಚ್ಚಲ ಹಬೆಗೂ ಹಿಡಿಯುತ್ತದೆ. ಹೊಸ ಸೆಲ್ಲು ಹಾಕಿದರೂ ಕರೆಂಟು ಆ ಕಿಲುಬನ್ನು ದಾಟುವುದಿಲ್ಲ. ನುಣುಪಾದ ಪಾಲಿಶ್ ಪೇಪರಿನಿಂದ ಸ್ಪ್ರಿಂಗು, ತಗಡು ಎರಡನ್ನೂ ಹೊಳೆಯುವವರೆಗೆ ತಿಕ್ಕಿ. ಒಮ್ಮೊಮ್ಮೆ ಸಪ್ಪಳ ಬರುವುದು, ಒಮ್ಮೊಮ್ಮೆ ಬರದಿರುವುದು ಇದರಿಂದಲೂ ಆಗುತ್ತದೆ.

ಬೋರ್ಡಿನ ಬಾಯಿಗೆ 3 ವೋಲ್ಟ್ ಬರುತ್ತಿದೆ, ಸ್ವಿಚ್ಚು ಮೀಟರಿನಲ್ಲಿ ಕೂಡುತ್ತದೆ ಬಿಡುತ್ತದೆ, ವಾಯರಿನ ಪಿನ್ನುಗಳು ಬಿಗಿಯಾಗಿ, ಒಣಗಿ ಇವೆ, ಆದರೂ ಕಿಡಿಯಿಲ್ಲ ಎಂದಾಗ ಮಾತ್ರ ಬೋರ್ಡ್ ಹೋಗಿದೆ. ಆಗಲೂ ಬದಲಿಸಬೇಕಾದದ್ದು ಬೋರ್ಡನ್ನು, ಗೀಜರನ್ನಲ್ಲ.

ಈಗ ಟಕ್ ಟಕ್ ಬಂದು ಬೆಂಕಿ ಬರದ ಸಂಗತಿ. ಸಪ್ಪಳ ಕೇಳಿದ ಮಾತ್ರಕ್ಕೆ ಕಿಡಿ ಬರ್ನರಿನ ಮೇಲೇ ಬೀಳುತ್ತಿದೆ ಎಂದಲ್ಲ. ಗ್ಯಾಸ್ ಬಂದ್ ಇಟ್ಟು, ದೀಪ ಆರಿಸಿ, ನಳ ತಿರುವಿ ಕಿಂಡಿಯಿಂದ ನೋಡಿ. ಕಿಡಿ ಕಡ್ಡಿಯ ತುದಿಯಿಂದ ಬರ್ನರಿಗೆ ನೀಲಿ ಕಿಡಿ ಜಿಗಿಯಬೇಕು. ನಡುವಿನ ಅಂತರ 3ರಿಂದ 5 ಮಿಲಿಮೀಟರ್ ಇದ್ದರೆ ಸರಿ. ಕಿಡಿ ದಪ್ಪ ವಾಯರಿನ ಮೈಯಿಂದಲೇ ಪಕ್ಕದ ತಗಡಿಗೆ ಹಾರುತ್ತಿದ್ದರೆ ವಾಯರಿನ ಹೊದಿಕೆ ಸೀಳಿದೆ. ಕಡ್ಡಿಯ ಬಿಳಿ ಪಿಂಗಾಣಿಗೆ ಬಿರುಕು ಬಿದ್ದರೂ ಹೀಗೇ. ಇವೆರಡೂ ಬದಲಿಸುವ ಸಾಮಾನು, ಟೇಪು ಸುತ್ತಿ ಸಾಗಿಸುವಂಥವಲ್ಲ.

ಕಿಡಿ ಸರಿಯಿದ್ದರೆ ಗ್ಯಾಸು. ಸಿಲಿಂಡರ್ ಹೊಸದು ಹಚ್ಚಿದ ದಿನ ಪೈಪಿನಲ್ಲಿ ಗಾಳಿ ಇರುತ್ತದೆ, ಎರಡು ಮೂರು ಸಲ ನಳ ಬಂದ್ ಮಾಡಿ ತಿರುವಿದ ಮೇಲೆ ಹೊತ್ತುತ್ತದೆ. ನಡುನಡುವೆ ಅರ್ಧ ನಿಮಿಷ ಬಿಡಿ. ಸಿಲಿಂಡರ್ ಮುಗಿಯುತ್ತ ಬಂದಾಗ ಥಂಡಿ ಮುಂಜಾನೆ ಒತ್ತಡ ಇಳಿಯುತ್ತದೆ. ಆರು ಲೀಟರಿನ ಗೀಜರ್ ಪೂರ್ತಿ ಉರಿಯುವಾಗ ತಾಸಿಗೆ ಸುಮಾರು 1 ಕಿಲೋ ಗ್ಯಾಸ್ ಎಳೆಯುತ್ತದೆ, ಒಲೆಯ ಒಂದು ಬರ್ನರಿನ ಹಲವು ಪಟ್ಟು. ಹಾಗಾಗಿ ಒಲೆ ಚೆನ್ನಾಗಿ ಉರಿಯುತ್ತದಲ್ಲ ಎಂಬುದು ಸಿಲಿಂಡರಿನಲ್ಲಿ ಒತ್ತಡವಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಇಂಥ ಹೊತ್ತಲ್ಲಿ ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿ ಇಡುವುದು ಎರಡೂ ಅಪಾಯದ ಕೆಲಸ. ಒಂದೇ ಸಿಲಿಂಡರಿನಿಂದ ರಬ್ಬರ್ ಪೈಪಿಗೆ ಟೀ ಹಾಕಿ ಒಲೆಗೂ ಗೀಜರಿಗೂ ಕೊಟ್ಟಿದ್ದರೆ ತೆಗೆಸಿ. ಒಲೆ ಉರಿಯುವಾಗ ಗೀಜರ್ ಹೊತ್ತದಿರಲು ಅದೂ ಕಾರಣ, ಸೋರಿಕೆಗೂ ಅದೇ ದಾರಿ. ಮನೆಯ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್, ಗೀಜರ್ ಮಾಡಿರುವುದೂ ಅದಕ್ಕೇ. ಗ್ಯಾಸ್ ಸಾಲುತ್ತಿಲ್ಲ ಎಂದು ಹೋಟೆಲಿನ ಹೈ ಪ್ರೆಶರ್ ರೆಗ್ಯುಲೇಟರ್ ಹಾಕುವುದು ಮನೆ ಸುಡುವ ಕೆಲಸ.

ಬೆಳಗಾವಿಯಲ್ಲಿ ಪೈಪ್ ಗ್ಯಾಸ್ ಬಂದಿರುವ ಮನೆಯವರು ಇಲ್ಲೊಂದು ಮಾತು ಗಮನಿಸಬೇಕು. ಅದರ ಒತ್ತಡವೂ ಬೇರೆ, ಉರಿಯುವ ಬಗೆಯೂ ಬೇರೆ. ಸಿಲಿಂಡರಿನ ಗೀಜರಿಗೆ ಪೈಪ್ ಗ್ಯಾಸ್ ಕೊಟ್ಟರೆ ಜೆಟ್ಟಿನ, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ಮೂತಿಯ, ತೂತು ಸಣ್ಣದಾಗಿ ಸರಿಯಾಗಿ ಹೊತ್ತುವುದೇ ಇಲ್ಲ. ಪೈಪ್ ಗ್ಯಾಸಿನ ಗೀಜರಿಗೆ ಸಿಲಿಂಡರ್ ಕೊಟ್ಟರೆ ಜ್ವಾಲೆ ಮೀರಿ ಉರಿದು ಮಸಿ ಕಟ್ಟುತ್ತದೆ. ಯಾವ ಗ್ಯಾಸಿನದು ಎಂದು ಬದಿಯ ಚೀಟಿಯಲ್ಲಿ ಬರೆದಿರುತ್ತದೆ.

ಕಿಡಿಯೂ ಇದೆ, ಸಿಲಿಂಡರೂ ತುಂಬಿದೆ, ಆದರೂ ಗ್ಯಾಸ್ ಬರುತ್ತಿಲ್ಲವೇ? ಕಿಡಿ ಶುರುವಾಗುವ ಕ್ಷಣದಲ್ಲಿ ಒಂದು ಗಟ್ಟಿ ಟಕ್ ಬೇರೆಯಾಗಿ ಕೇಳಬೇಕು. ಅದು ಸೊಲೆನಾಯ್ಡ್ ತೆರೆಯುವ ಸಪ್ಪಳ. ಅದಿಲ್ಲದಿದ್ದರೆ ಸೆಲ್ಲು ಸೋತಿದೆ, ಅಥವಾ ಸೊಲೆನಾಯ್ಡಿನ ವಾಯರು ಕಳಚಿದೆ, ಅಥವಾ ಅದೇ ಕಚ್ಚಿಕೊಂಡಿದೆ. ಕೊನೆಯದಕ್ಕೆ ಮೆಕ್ಯಾನಿಕ್ ಬೇಕು. ಹೊತ್ತಿದ ಕೆಲವೇ ಸೆಕೆಂಡಿಗೆ ಆರುವುದು ನಿಮ್ಮಲ್ಲಿಲ್ಲದಿದ್ದರೂ ಮುಂದೆ ಬಂದರೆ, ಜ್ವಾಲೆ ನೋಡುವ ಕಡ್ಡಿಯ ಮೇಲಿನ ಮಸಿಯನ್ನು ಪಾಲಿಶ್ ಪೇಪರಿನಿಂದ ತೆಗೆದು, ಅದು ಜ್ವಾಲೆಯ ನಡುವೆ ನಿಲ್ಲುವಂತಿದೆಯೇ ನೋಡಿ. 20 ನಿಮಿಷಕ್ಕೆ ಆರಿದರೆ ಅದು ದೋಷವಲ್ಲ, ಹಲವು ಮಾದರಿಗಳಲ್ಲಿ ಹಾಗೇ ಇಟ್ಟಿರುತ್ತಾರೆ. ಸೋಲಾರಿನ ಬಿಸಿನೀರನ್ನು ಗೀಜರಿಗೆ ಕೊಡುವ ಮನೆಗಳಲ್ಲಿ ನೀರು ಮೊದಲೇ ಕಾದಿರುವುದರಿಂದ ಬಿಸಿ ಮೀರಿ ಆರುವುದುಂಟು.

ಧಡ್ ಎಂದದ್ದು ಯಾಕೆ? ಗ್ಯಾಸ್ ಬಂದು, ಕಿಡಿ ತಡವಾಗಿ, ಒಳಗೆ ತುಂಬಿ ನಿಂತ ಗ್ಯಾಸೆಲ್ಲ ಒಮ್ಮೆಲೇ ಹೊತ್ತಿತು. ತಡವಾಗುವುದಕ್ಕೆ ಕಾರಣ ಸೋತ ಕಿಡಿ ಇರಬಹುದು, ಆದರೆ ತಿಂಗಳುಗಟ್ಟಲೆ ಬಂದ್ ಇದ್ದ ಗೀಜರಿನಲ್ಲಿ ಬರ್ನರಿನ ಗಂಟಲನ್ನು ಮೊದಲು ನೋಡಬೇಕು. ಜೆಟ್ಟಿನ ಎದುರು, ಗಾಳಿಯೂ ಗ್ಯಾಸೂ ಕೂಡಿ ಒಳಹೋಗುವ ಆ ಉರುಟು ಬಾಯಿಗಳಲ್ಲಿ ಜೇಡ ಬಲೆ ನೇಯುತ್ತದೆ, ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಹತ್ತಾರು ಸಾಲಿನ ಬರ್ನರಿನಲ್ಲಿ ಕಿಡಿಯ ಬಳಿಯ ಒಂದೆರಡು ಸಾಲು ಮುಚ್ಚಿದ್ದರೆ ಸಾಕು, ಉಳಿದ ಸಾಲುಗಳಿಂದ ಗ್ಯಾಸ್ ಬರುತ್ತಿರುತ್ತದೆ, ಬೆಂಕಿ ಮಾತ್ರ ತಡವಾಗಿ ತಲುಪುತ್ತದೆ. ಬರ್ನರ್ ಬಿಚ್ಚಿ, ಮೆತ್ತನೆಯ ಬ್ರಶ್ಶಿನಿಂದ ಪ್ರತಿ ಬಾಯಿಯನ್ನೂ ಶುದ್ಧಮಾಡಿ, ಗಾಳಿ ಊದಿ, ಜೆಟ್ಟುಗಳನ್ನು ನೋಡಬೇಕು. ಜೆಟ್ಟಿನೊಳಗೆ ಸೂಜಿ ಚುಚ್ಚಬಾರದು, ತೂತು ದೊಡ್ಡದಾದರೆ ಅದರ ಲೆಕ್ಕವೇ ಕೆಡುತ್ತದೆ. ಇದು ಗ್ಯಾಸಿನ ಭಾಗ ಬಿಚ್ಚುವ ಕೆಲಸವಾದ್ದರಿಂದ ಮೆಕ್ಯಾನಿಕ್ ಕಡೆ ಮಾಡಿಸಿ, ಮುಂದೆ ನಿಂತು ನೋಡಿ. ಜೋಡಿಸಿದ ಮೇಲೆ ಪ್ರತಿ ಗ್ಯಾಸ್ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು, ಕಡ್ಡಿ ಗೀರಿ ಪರೀಕ್ಷಿಸುವುದಂತೂ ಬೇಡವೇ ಬೇಡ. ಸರಿಯಾದ ಜ್ವಾಲೆ ನೀಲಿಯಾಗಿ, ಸಾಲಾಗಿ, ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಹಳದಿ ನಾಲಿಗೆ ಎದ್ದರೆ ಕೆಲಸ ಮುಗಿದಿಲ್ಲ.

ಹಳದಿ ಜ್ವಾಲೆಯಿಂದಲೇ ಬಚ್ಚಲಿನ ಮಾತಿಗೆ ಬರಬೇಕು. ಗಾಳಿ ಸಾಲದೆ ಉರಿದ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರುವ ಗ್ಯಾಸಿಗೆ ಬೆರೆಸಿದ ವಾಸನೆ ಎಚ್ಚರಿಸುತ್ತದೆ, ಇದು ಎಚ್ಚರಿಸುವುದಿಲ್ಲ. ಗೀಜರ್ ಉತ್ತಮ ಸ್ಥಿತಿಯಲ್ಲಿದ್ದರೂ ಸಣ್ಣ ಬಚ್ಚಲ ಬಾಗಿಲು, ಕಿಟಕಿ ಹಾಕಿದರೆ ಒಳಗಿನ ಆಮ್ಲಜನಕ ಬೇಗ ತೀರಿ, ನೀಲಿ ಇದ್ದ ಜ್ವಾಲೆಯೇ ವಿಷ ಬಿಡತೊಡಗುತ್ತದೆ. ಥಂಡಿ ಎಂದು ಕಿಟಕಿಗೆ ರಟ್ಟು ಹಚ್ಚುವುದು ಈ ತಿಂಗಳುಗಳಲ್ಲೇ. ತಲೆನೋವು, ತಲೆ ಸುತ್ತು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು, ಆಮೇಲೆ ಎದ್ದು ಬಾಗಿಲು ತೆರೆಯಲೂ ಆಗದಿರುವುದು. ಬಚ್ಚಲಲ್ಲಿ ಜನ ಸಾಯುವುದು ಹೀಗೆ. ಒಳಗಿದ್ದವರು ಕರೆದರೆ ಉತ್ತರಿಸದಿದ್ದರೆ ಬಾಗಿಲು ಒಡೆದಾದರೂ ಹೊರಗಿನ ಗಾಳಿಗೆ ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ. ಗ್ಯಾಸ್ ಸೋರಿಕೆಗೆ 1906.

ನಿಮ್ಮ ಗೀಜರನ್ನು ಬಚ್ಚಲ ಹೊರಗೋಡೆಗೆ, ಮಳೆ ಬೀಳದ, ಗಾಳಿ ಆಡುವ ಜಾಗಕ್ಕೆ ಸರಿಸಿ, ಗೋಡೆಯಲ್ಲಿ ತೂತು ಕೊರೆದು ಬರೀ ಬಿಸಿನೀರಿನ ಪೈಪನ್ನು ಒಳತನ್ನಿ. ಸಿಲಿಂಡರೂ ಹೊರಗೇ, ನೆಟ್ಟಗೆ ನಿಂತಿರಲಿ. ರಬ್ಬರ್ ಪೈಪು ಐಎಸ್‌ಐ ಗುರುತಿನ ಸುರಕ್ಷಾ ಪೈಪೇ ಆಗಿರಲಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲಿಸಬೇಕು. ನಿಮ್ಮದಕ್ಕೆ ಐದು ವರ್ಷ ಆಗಿಹೋಗಿದೆ, ಇದೇ ಓಡಾಟದಲ್ಲಿ ಅದನ್ನೂ ತನ್ನಿ. ಹೊರಗೋಡೆ ಎತ್ತರದಲ್ಲಿ ಕೂಡ್ರಿಸುವಾಗ ನೆನಪಿರಲಿ: ಗೀಜರ್ ಒಂದು ಅಡಿ ಮೇಲೆ ಹೋದರೆ ನೀರಿನ ಒತ್ತಡ ಒಂದು ಅಡಿಯಷ್ಟು ಕಳೆಯುತ್ತದೆ. ನಿಮ್ಮಲ್ಲಿ ಅದು ಮೊದಲೇ ಅಂಚಿನಲ್ಲಿದೆ.

ಹೊಸದು ಕೊಳ್ಳಬೇಕಾದದ್ದು ಎರಡೇ ಸಂದರ್ಭದಲ್ಲಿ. ತಾಮ್ರದ ಸುರುಳಿ ತೂತಾಗಿ ನೀರು ಬರ್ನರಿನ ಮೇಲೆ ತೊಟ್ಟಿಕ್ಕುತ್ತಿದ್ದರೆ, ಅಥವಾ ಗ್ಯಾಸ್ ವಾಲ್ವೇ ಸೋರಿ ಅದರ ಸಾಮಾನು ಸಿಗದಿದ್ದರೆ. ಉಳಿದಂತೆ ಮೊದಲು ಬಕೇಟಿನಿಂದ ಹರಿವು ಅಳೆಯಿರಿ, ಜಾಳಿಗೆ ತೊಳೆಯಿರಿ, ಎಸಳು ಸರಿಸಿ ನೋಡಿ, ಆಮೇಲೆ ಬರ್ನರ್ ಬಿಚ್ಚಲು ಮೆಕ್ಯಾನಿಕ್ ಕರೆಯಿರಿ. ಅವರಿಗೆ ಬೋರ್ಡ್ ನೋಡಿ ಎನ್ನುವ ಬದಲು ನಿಮಿಷಕ್ಕೆ ಇಷ್ಟು ಲೀಟರ್ ನೀರು ಬರುತ್ತದೆ, ಎಸಳು ಸರಿಸಿದರೆ ಕಿಡಿ ಬರುತ್ತದೆ, ಹೊತ್ತುವಾಗ ಧಡ್ ಅನ್ನುತ್ತದೆ ಎಂದು ಹೇಳಿ. ಇಷ್ಟು ಕೇಳಿದ ಮೇಲೂ ಮುಚ್ಚಳ ತೆಗೆಯದೆ ಹೊಸ ಗೀಜರ್ ತಗೋರಿ ಅಂದರೆ ಬೇರೆಯವರನ್ನು ಕರೆಯಿರಿ.